ಕಂಟ್ರೋಲರಿನ ಬೆಲೆಯೂ ಯೋಗ್ಯತೆಯೂ

ಬೆಲೆ ಹೆಚ್ಚಿದ್ದರೆ ಗುಣವೂ ಹೆಚ್ಚಿರಲೇಬೇಕೆಂದು ನಂಬುವವರು ವಿಡಿಯೋ ಗೇಮಿನ ಕಂಟ್ರೋಲರನ್ನು ಒಮ್ಮೆ ಬಿಚ್ಚಿ ನೋಡುವುದು ಲೇಸು. ಜಪಾನಿನ ಸೋನಿ ಸಂಸ್ಥೆಯು 2023ರ ಜನವರಿಯಲ್ಲಿ ‘ಡ್ಯುಯಲ್‌ಸೆನ್ಸ್ ಎಡ್ಜ್’ ಎಂಬುದನ್ನು ಹೊರತಂದಾಗ ಅಮೆರಿಕದಲ್ಲಿ ಅದರ ಬೆಲೆ 200 ಡಾಲರು. ಅದೇ ಸಂಸ್ಥೆಯ ಸಾಮಾನ್ಯ ಕಂಟ್ರೋಲರು 2020ರಲ್ಲಿ ಬಂದದ್ದು 70 ಡಾಲರಿಗೆ. ಹತ್ತಿರಹತ್ತಿರ ಮೂರುಪಟ್ಟಾದ ಈ ಬೆಲೆಗೆ ದೊರೆಯುವುದೇನು? ಹಿಂಬದಿಯಲ್ಲಿ ಎರಡು ಹೆಚ್ಚಿನ ಗುಂಡಿಗಳು, ಬೆರಳೊತ್ತಿನ ಆಳವನ್ನು ತಗ್ಗಿಸುವ ಅನುಕೂಲ, ಇಟ್ಟುಕೊಳ್ಳಲೊಂದು ಪೆಟ್ಟಿಗೆ. ಬ್ಯಾಟರಿಯಾದರೋ ಸಾಮಾನ್ಯದ್ದಕ್ಕಿಂತ ಚಿಕ್ಕದು!

ಮುಖ್ಯ ದೋಷವಿರುವುದು ಹೆಬ್ಬೆರಳಿನಿಂದ ಆಡಿಸುವ ಕಡ್ಡಿಯ ಬುಡದಲ್ಲಿ. ಅಲ್ಲಿ ಲೋಹದ ನಾಲಗೆಯೊಂದು ಕಾರ್ಬನ್ ಲೇಪದ ಮೇಲೆ ಉಜ್ಜುತ್ತ, ವಿದ್ಯುತ್ತಿನ ಏರಿಳಿತದಿಂದ ಚಲನೆಯನ್ನು ತಿಳಿಸುತ್ತದೆ. ಉಜ್ಜಿದ್ದು ಸವೆಯಲೇಬೇಕು; ಸವೆದ ಮೇಲೆ ಯಾರೂ ಮುಟ್ಟದಿದ್ದರೂ ಪರದೆಯ ಮೇಲಿನ ಆಕೃತಿ ತಾನಾಗಿ ಸರಿಯತೊಡಗುತ್ತದೆ. 200 ಡಾಲರಿನ ಸಾಧನದಲ್ಲಿಯೂ ಇದೇ ರಚನೆ. ಸವೆದ ಕಡ್ಡಿಯ ಘಟಕವನ್ನು ಕಳಚಿ, 20 ಡಾಲರಿಗೆ ಹೊಸದನ್ನು ಕೂಡಿಸಬಹುದೆಂಬುದು ಮೆಚ್ಚತಕ್ಕದ್ದೇ. ಆದರೆ ಸವೆಯದಂತೆ ಮಾಡುವುದು ಅಸಾಧ್ಯವಾಗಿತ್ತೇ? 1998ರಲ್ಲಿಯೇ ಸೇಗಾ ಸಂಸ್ಥೆಯು ತನ್ನ ಡ್ರೀಮ್‌ಕಾಸ್ಟಿನ ಕಂಟ್ರೋಲರಿನಲ್ಲಿ ಅಯಸ್ಕಾಂತದಿಂದ ಚಲನೆಯನ್ನರಿಯುವ, ಉಜ್ಜಾಟವಿಲ್ಲದ ಹಾಲ್ ಸಂವೇದಕವನ್ನು ಅಳವಡಿಸಿತ್ತು. 2022ರಲ್ಲಿ ಚೀನದ ಎಯ್ಟ್‌ಬಿಟ್‌ಡೂ ಸಂಸ್ಥೆಯು ಅದನ್ನು 70 ಡಾಲರಿನ ಕಂಟ್ರೋಲರಿನಲ್ಲಿಯೇ ಕೊಟ್ಟಿತು, ಹಿಂಬದಿಯ ಗುಂಡಿಗಳ ಸಹಿತ. (ಸೋನಿಯ ಯಂತ್ರಕ್ಕೆ ಅದು ಹೊಂದದೆಂಬುದನ್ನೂ ಹೇಳಬೇಕು.)

ಪಂದ್ಯದಲ್ಲಿ ಕ್ಷಣಾರ್ಧವನ್ನು ಲೆಕ್ಕಹಾಕುವ ಆಟಗಾರನಿಗೆ, ಹೆಬ್ಬೆರಳನ್ನು ಕಡ್ಡಿಯಿಂದ ಎತ್ತದೆ ಗುಂಡಿಯೊತ್ತುವ ಸೌಕರ್ಯ ದೊಡ್ಡದೇ, ಅವನು ಕೊಳ್ಳಲಿ. ಸಂಜೆ ಒಂದು ಗಂಟೆ ಆಡುವ ಬಾಲಕನಿಗಾಗಿ ತಂದೆಯು ಉಳಿದ ಹಣವನ್ನು ತೆರಲು ತಕ್ಕ ಕಾರಣ ಕಾಣದು.