ಇಂಚಿಗೆ ಸಿಕ್ಕ ಹಿಮ, ಲೆಕ್ಕಕ್ಕೆ ಸಿಗದ ಆಲಿಕಲ್ಲು



ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಿಮಬಿರುಗಾಳಿ ಎದ್ದಾಗಲೆಲ್ಲ ಅಲ್ಲಿರುವ ನಿಮ್ಮಲ್ಲಿ ಯಾರಾದರೊಬ್ಬರು ನನಗೆ ಚಿತ್ರ ಕಳಿಸುತ್ತೀರಿ. 2016ರ ಜನವರಿಯಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 27.5 ಇಂಚು ಹಿಮ ಬಿದ್ದಿತು. 1869ರಿಂದ ಅಲ್ಲಿಯವರೆಗಿನ ದಾಖಲೆಯಲ್ಲಿ ಅದೇ ಅತಿ ಹೆಚ್ಚು. ಕಲಬುರಗಿಯಲ್ಲಿ ಕುಳಿತ ನನಗೆ ಹಿಮಕ್ಕಿಂತ ಆ ಲೆಕ್ಕವೇ ಹೆಚ್ಚು ಬೆರಗು ಹುಟ್ಟಿಸಿತು.

ನಮ್ಮ ಆಕಾಶವೂ ಮಂಜುಗಡ್ಡೆ ಸುರಿಸುತ್ತದೆ. ಬೇಸಿಗೆಯಲ್ಲಿ ಕಾದ ನೆಲದಿಂದ ರಭಸವಾಗಿ ಮೇಲೇರುವ ತೇವದ ಗಾಳಿ ಮೋಡದ ಎತ್ತರದಲ್ಲಿ ಹೆಪ್ಪುಗಟ್ಟಿ ಆಲಿಕಲ್ಲಾಗಿ ಇಳಿಯುತ್ತದೆ. 2014ರ ಫೆಬ್ರವರಿ-ಮಾರ್ಚ್‌ನಲ್ಲಿ ಮಹಾರಾಷ್ಟ್ರವೂ ಉತ್ತರ ಕರ್ನಾಟಕವೂ ಅದರ ಪೆಟ್ಟಿಗೆ ತತ್ತರಿಸಿದ್ದವು.

ಕೆಲವು ವರ್ಷಗಳ ಹಿಂದೆ ಕಮಲಾಪುರದ ಹಳೆಯ ವಿದ್ಯಾರ್ಥಿಯೊಬ್ಬನ ತೋಟಕ್ಕೆ ಹೋಗಿದ್ದೆ. ಸುಮಾರು ಒಂದೂವರೆ ವರ್ಷ ಸಾಕಿದ ಕೆಂಪು ಬಾಳೆ, ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಮ್ಮೂರ ಹೆಮ್ಮೆ, ಕಾಲು ಗಂಟೆಯಲ್ಲಿ ಗೊನೆಸಹಿತ ಮುರಿದು ಮಲಗಿತ್ತು. ನಾಲ್ಕು ದಿನ ಕಳೆದು ಬಂದ ಅಧಿಕಾರಿಯೊಬ್ಬರು, "ಆ ದಿನ ಇಲ್ಲಿ ಹೆಚ್ಚು ಮಳೆಯೇ ದಾಖಲಾಗಿಲ್ಲವಲ್ಲ!" ಎಂದರು. ನನ್ನ ಶಿಷ್ಯ ತಲೆ ತಗ್ಗಿಸಿ ನಿಂತಿದ್ದ.

ಮಳೆಮಾಪಕ ಸುಳ್ಳು ಹೇಳಲಿಲ್ಲ. ನಾವು ಅದಕ್ಕೆ ತಪ್ಪು ಪ್ರಶ್ನೆ ಕೇಳಿದೆವು. ಹತ್ತು ಮಿಲಿಮೀಟರ್ ಸೋನೆಯೂ ಕರಗಿದ ಹತ್ತು ಮಿಲಿಮೀಟರ್ ಆಲಿಕಲ್ಲೂ ಅದಕ್ಕೆ ಒಂದೇ. ಬಾಳೆಗೆ ಒಂದೇ ಅಲ್ಲ.

"ನಿಯಮಗಳಿವೆಯಲ್ಲ, ಸರ್" ಎನ್ನುವಿರಿ. ಇವೆ. ಪರಿಹಾರಕ್ಕೆ ಬೇಕಾದ ಬೆಳೆನಷ್ಟದ ಮಿತಿಯನ್ನು 2015ರಲ್ಲಿ ಶೇಕಡಾ 50ರಿಂದ 33ಕ್ಕೆ ಇಳಿಸಲಾಯಿತು. 2016ರ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂದಿದೆ. ರೈತನಿಗೆ ಗಂಟೆಯ ಗಡುವುಂಟು. ನೋಡಲು ಬರುವವರಿಗೆ ಅಂಥ ಅವಸರ ನಾನು ಕಂಡಿಲ್ಲ. ಅಷ್ಟರಲ್ಲಿ ಸಾಕ್ಷಿಯೇ ಕರಗಿ ನೀರಾಗಿರುತ್ತದೆ.

ಇದು ದುಬಾರಿ ಯಂತ್ರದ ಮಾತಲ್ಲ. ಥರ್ಮೋಕೋಲಿನಂಥ ಹಲಗೆಗೆ ಅಲ್ಯುಮಿನಿಯಂ ಹಾಳೆ ಸುತ್ತಿ ಬಯಲಿನಲ್ಲಿಟ್ಟರೆ, ಬಿದ್ದ ಪ್ರತಿಯೊಂದು ಕಲ್ಲೂ ತನ್ನ ಗಾತ್ರದ ಗುಳಿಯನ್ನು ತಾನೇ ಬರೆದಿಡುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಸ್ವಯಂಸೇವಕರೇ ಇದನ್ನು ಮಾಡುತ್ತಾರೆ. ಕಮಲಾಪುರ ತಾಲ್ಲೂಕಿನ ಪ್ರತಿ ಶಾಲೆಯ ಮಾಳಿಗೆಯ ಮೇಲೂ ಒಂದೊಂದು ಇಡಬಾರದೇಕೆ? ಅದರ ದಾಖಲೆಯನ್ನು ಕಂದಾಯ ಇಲಾಖೆ ಸಾಕ್ಷಿಯೆಂದು ಒಪ್ಪಬಾರದೇಕೆ?

ನಿಮ್ಮಲ್ಲಿ ಕೆಲವರು ಇಂದು ಅಧಿಕಾರಿಗಳು, ಕೆಲವರು ಶಿಕ್ಷಕರು. "ಅಳತೆಯಿಲ್ಲದ ಉತ್ತರಕ್ಕೆ ಅಂಕವಿಲ್ಲ" ಎಂದು ನಿಮಗೆ ಕಲಿಸಿದವನು ನಾನೇ. ಅದೇ ನಿಯಮ ರೈತನ ನಷ್ಟಕ್ಕೂ ತಗುಲಿತೆಂದು ಆ ತೋಟದಲ್ಲಿ ನಿಂತಾಗ ಅರಿವಾಯಿತು. ಮುಂದಿನ ಬೇಸಿಗೆಗೆ ಮೊದಲು ಒಂದಾದರೂ ಹಲಗೆ ಇಡಿಸಿರಿ.