ನಿಸರ್ಗಪ್ರೇಮವೊಂದೇ ಸಾಲದು

ಜಪಾನೀಯರ ನಿಸರ್ಗಪ್ರೇಮ ಲೋಕವಿದಿತವಾದುದು. ವಸಂತದಲ್ಲಿ ಚೆರ್ರಿ ಹೂಗಳು ದಕ್ಷಿಣದಿಂದ ಉತ್ತರಕ್ಕೆ ಅರಳುತ್ತ ಸಾಗುವ ವಾರ್ತೆಗಾಗಿ ಇಡೀ ದೇಶವೇ ಕಾದಿರುತ್ತದೆ. ಹೈಕು ಕವಿತೆಯಲ್ಲಿ ಋತುಸೂಚಕ ಪದವೊಂದಿರಬೇಕೆಂಬುದು ಸಂಪ್ರದಾಯ. ಶಿಂಟೋ ಧರ್ಮದಲ್ಲಿ ಬೆಟ್ಟ, ಬಂಡೆ, ಪುರಾತನ ವೃಕ್ಷಗಳೆಲ್ಲವೂ ದೈವಸನ್ನಿಧಿಯ ತಾಣಗಳಾಗಬಲ್ಲವು. ಆದರೆ ನಿಸರ್ಗವನ್ನು ಪ್ರೀತಿಸುವುದು ಬೇರೆ, ಕಾಪಾಡುವುದು ಬೇರೆ. ಈ ಅಂತರವನ್ನು ಜಪಾನಿನ ಇತಿಹಾಸವೇ ತೋರಿಸಿಕೊಟ್ಟಿದೆ.

ಎರಡನೆಯ ಮಹಾಯುದ್ಧದ ತರುವಾಯ ಮನೆಗಳ ಮರುನಿರ್ಮಾಣಕ್ಕೆ ಅಪಾರ ಮರ ಬೇಕಾಯಿತು. ಬೋಳಾಗಿದ್ದ ಬೆಟ್ಟಗಳಲ್ಲಷ್ಟೇ ಅಲ್ಲ, ಸಹಜಾರಣ್ಯವನ್ನು ಕಡಿದ ನೆಲದಲ್ಲಿಯೂ ಮುಖ್ಯವಾಗಿ 'ಸುಗಿ', 'ಹಿನೋಕಿ' ಎಂಬ ಎರಡು ಜಾತಿಯ ಮರಗಳನ್ನು ವಿಪುಲವಾಗಿ ನೆಡಲಾಯಿತು. ಮುಂದೆ ಪರದೇಶದ ಅಗ್ಗದ ಮರ ಬಂದು, ಈ ತೋಪುಗಳನ್ನು ಕೇಳುವವರಿಲ್ಲವಾಯಿತು. ಸುಗಿ ಪರಾಗದಿಂದ ಬರುವ ಕಾಯಿಲೆಯನ್ನು ನಿಕ್ಕೊ ಪಟ್ಟಣದಿಂದ ವೈದ್ಯರು ವರದಿ ಮಾಡಿದ್ದು 1964ರಲ್ಲಿ. ಈಗ ಜನಸಂಖ್ಯೆಯ ಸುಮಾರು ಹತ್ತರಲ್ಲಿ ನಾಲ್ವರು ವಸಂತ ಬಂದೊಡನೆ ಸೀನು, ಮೂಗು ಸೋರಿಕೆ, ಕಣ್ಣುರಿಗಳಿಂದ ಬಳಲುತ್ತಾರೆ. ಹತ್ತು ವರ್ಷಗಳಲ್ಲಿ ಸುಗಿ ತೋಪುಗಳನ್ನು ಶೇಕಡಾ 20ರಷ್ಟು ತಗ್ಗಿಸುವ ಯೋಜನೆಯನ್ನು ಸರ್ಕಾರ ಪ್ರಕಟಿಸಿದ್ದು 2023ರಲ್ಲಿ.

ಮಿನಮಾಟದ ಕಥೆ ಇನ್ನೂ ದಾರುಣ. ಕಾರ್ಖಾನೆಯು ಕೊಲ್ಲಿಗೆ ಹರಿಯಬಿಟ್ಟ ಪಾದರಸ ಮೀನಿನ ಮೂಲಕ ಮನುಷ್ಯರ ನರಮಂಡಲವನ್ನು ಸೇರಿತು. ಗರ್ಭಸ್ಥ ಶಿಶುಗಳನ್ನೂ ಬಿಡಲಿಲ್ಲ. ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ. ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ. ಈ ಹನ್ನೆರಡು ವರ್ಷಗಳಲ್ಲಿಯೂ ಚೆರ್ರಿ ಹೂಗಳು ತಪ್ಪದೆ ಅರಳಿದವು, ಜನ ಅವುಗಳ ಕೆಳಗೆ ಕುಳಿತು ಆನಂದಿಸಿದರು. ಮಿನಮಾಟದ ಬೆಸ್ತರಿಗೆ ಅದರಿಂದ ರಕ್ಷಣೆ ದೊರೆಯಲಿಲ್ಲ. ರೋಗಿಗಳ ಹೋರಾಟ, ನ್ಯಾಯಾಲಯದ ಮೊಕದ್ದಮೆಗಳು, 1970ರಲ್ಲಿ ಸಂಸತ್ತು ಒಂದೇ ಅಧಿವೇಶನದಲ್ಲಿ ಅಂಗೀಕರಿಸಿದ ಮಾಲಿನ್ಯ ಸಂಬಂಧವಾದ 14 ಕಾನೂನುಗಳು ಪರಿಸ್ಥಿತಿಯನ್ನು ಬದಲಿಸಿದವು.

1982ರಲ್ಲಿ ಜಪಾನಿನ ಅರಣ್ಯ ಇಲಾಖೆ 'ಶಿನ್ರಿನ್ ಯೋಕು', ಅಂದರೆ ಅರಣ್ಯಸ್ನಾನ, ಎಂಬ ಮಾತನ್ನು ಬಳಕೆಗೆ ತಂದಿತು. ಕಾಡಿನಲ್ಲಿ ನಿಧಾನವಾಗಿ ಅಡ್ಡಾಡಿದರೆ ಮನಸ್ಸಿನ ಒತ್ತಡವೂ ರಕ್ತದೊತ್ತಡವೂ ಕೊಂಚ ಇಳಿಯುತ್ತವೆಂದು ಮುಂದಿನ ಸಂಶೋಧನೆಗಳು ಸೂಚಿಸಿವೆ. ಮಹಾನಗರವಾಸಿಗಳಿಗೆ ಇದು ಪ್ರಿಯವಾದ ಉಪದೇಶವೇ ಸರಿ. ಆದರೆ ಸ್ನಾನಕ್ಕೆ ಮೊದಲು ನೀರು ನಿರ್ಮಲವಾಗಿರಬೇಕಲ್ಲವೆ? ಕುಂಡದ ಗಿಡಕ್ಕೆ ನೀರೆರೆಯುವ ಕೈ, ಊರಿನ ಕೆರೆಗೆ ವಿಷ ಬೀಳುವಾಗ ಅರ್ಜಿ ಬರೆಯಲೂ ಮುಂದಾಗಬೇಕು. ಸಂಸ್ಕೃತಿ ಕಣ್ಣನ್ನು ತೆರೆಸುತ್ತದೆ. ಲೋಭದ ಕೈಯನ್ನು ಕಟ್ಟಿಹಾಕಲು ಕಾನೂನೂ ಜಾಗೃತ ನಾಗರಿಕರೂ ಬೇಕು.