ಎತ್ತಿಗೆ ಜ್ವರ, ಎಮ್ಮೆಗೆ ಬರೆ

2023ರ ಮಾರ್ಚ್ 3ರ ರಾತ್ರಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಸಂಗತಿಯನ್ನು ಬೆಂಗಳೂರಿನ ವಾಚಕರು ಮರೆತಿರಲಾರರು. ಬೆಂಗಳೂರು ಎಫ್.ಸಿ. ತಂಡಕ್ಕೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ. ತೊಂಬತ್ತು ನಿಮಿಷ ಕಳೆದರೂ ಯಾವ ಕಡೆಯವರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಸುನಿಲ್ ಛೆಟ್ರಿಯವರು, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ, ಫ್ರೀ ಕಿಕ್ ಹೊಡೆದು ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲೆಂದರು. ಕೇರಳದ ತರಬೇತುದಾರರು ಸಿಟ್ಟಿಗೆದ್ದು ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಕ್ಕೆ ಕರೆದೊಯ್ದರು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಆ ತಿಂಗಳು ಮುಗಿಯುವುದರೊಳಗಾಗಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತು. ಮುಂದಿನದು ಅಷ್ಟಾಗಿ ಗೊತ್ತಿಲ್ಲ. ಜೂನ್ ತಿಂಗಳ ಮೊದಲ ವಾರದಲ್ಲಿ ಆ ಕ್ಲಬ್ಬು ಒಂದು ಪ್ರಕಟಣೆ ಹೊರಡಿಸಿತು. ಒಕ್ಕೂಟ ಹಾಕಿದ ಆರ್ಥಿಕ ದಂಡನೆಯ ಕಾರಣ, ಹಿಂದಿನ ವರ್ಷವಷ್ಟೇ ಕಟ್ಟಿದ್ದ ತಮ್ಮ ಹೆಂಗಸರ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದೇವೆ ಎಂದಿತು. ಮೈದಾನ ಬಿಟ್ಟು ಹೊರನಡೆದವರು ಗಂಡಸರು. ಮನೆಗೆ ಹೋಗಿರೆಂದು ಅಪ್ಪಣೆಯಾದದ್ದು ಹುಡುಗಿಯರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಮಾತನ್ನು ನಮ್ಮ ಬೀದಿಯ ಹಿರಿಯರೊಬ್ಬರ ಮುಂದೆ ಎತ್ತಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತರಾದವರು. ಫುಟ್‌ಬಾಲಿನ ಹುಚ್ಚೂ ಇದೆ. ಅವರಿಗೆ ಇದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. “ನೋಡಿ ಸ್ವಾಮಿ, ಕೈ ಕಟ್ಟಿದಾಗ ಯಾರಾದರೂ ನಷ್ಟದ ಬಾಬನ್ನೇ ಮೊದಲು ಕಡಿಯುತ್ತಾರೆ. ಹೆಂಗಸರ ಆಟಕ್ಕೆ ಟಿಕೆಟ್ ಕೊಳ್ಳುವವರಿಲ್ಲ, ಜಾಹೀರಾತಿನವರಿಲ್ಲ. ಅದು ದಾನ. ದಾನ ಮಾಡುವವನಿಗೆ ಕಷ್ಟ ಬಂದರೆ ದಾನ ನಿಲ್ಲುತ್ತದೆ,” ಎಂದರು. ನಮ್ಮ ನಗರದ ವಿದ್ಯಾವಂತರಲ್ಲಿ ನೂರಕ್ಕೆ ತೊಂಬತ್ತು ಮಂದಿ ಇದನ್ನೇ ಹೇಳುತ್ತಾರೆ. ಆದ್ದರಿಂದ ಉತ್ತರವನ್ನು ಅವರೊಬ್ಬರಿಗೆ ಹೇಳಿ ಮುಗಿಸುವಂತಿಲ್ಲ.

ನಷ್ಟವಿಲ್ಲವೆಂದು ನಾನು ವಾದಿಸಲಾರೆ. ಅಮೆರಿಕದಲ್ಲಿ 2001ರಲ್ಲಿ ಎಂಟು ತಂಡಗಳ ಹೆಂಗಸರ ವೃತ್ತಿಪರ ಲೀಗು ಆರಂಭವಾಯಿತು. ಐದು ವರ್ಷಕ್ಕೆಂದು ಕೂಡಿಸಿದ್ದ 4 ಕೋಟಿ ಡಾಲರನ್ನು ಮೊದಲನೆಯ ವರ್ಷವೇ ಖರ್ಚು ಮಾಡಿ, ಮೂರು ವರ್ಷದಲ್ಲಿ ಸುಮಾರು 10 ಕೋಟಿ ಕಳೆದುಕೊಂಡು, 2003ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. ಅದೂ ಎಂಥ ಹೊತ್ತು! ಇನ್ನು ಐದೇ ದಿನಕ್ಕೆ ಅದೇ ದೇಶದಲ್ಲಿ ಹೆಂಗಸರ ವಿಶ್ವಕಪ್ ಮೊದಲಾಗುವುದಿತ್ತು. ಇದಾದ ಮೇಲೆ 2009ರಲ್ಲಿ ಹುಟ್ಟಿದ ಎರಡನೆಯ ಲೀಗೂ ಮೂರೇ ಋತು ಬಾಳಿತು. “ಕಂಡಿರಾ?” ಎನ್ನುತ್ತಾರೆ ನಮ್ಮ ಹಿರಿಯರು.

ಕಂಡೆ. ಆದರೆ ಅದೇ ಅಮೆರಿಕದಲ್ಲಿ 1996ರಲ್ಲಿ ಗಂಡಸರ ಲೀಗು ಹುಟ್ಟಿತ್ತು. ಅದು ಮೊದಲ ಐದು ವರ್ಷದಲ್ಲಿ ಕಳೆದದ್ದು ಸುಮಾರು 25 ಕೋಟಿ ಡಾಲರೆಂದು ಅಂದಾಜು. 2002ರಲ್ಲಿ ಎರಡು ತಂಡಗಳನ್ನೇ ಮುಚ್ಚಬೇಕಾಯಿತು. ಆಗ ಗಂಡಸರ ಫುಟ್‌ಬಾಲ್ ಒಂದು ದಾನವೆಂದು ಯಾರೂ ಅನ್ನಲಿಲ್ಲ. “ಬಂಡವಾಳ ಹೂಡಿದ್ದೇವೆ, ಫಲಕ್ಕೆ ಕಾಯಬೇಕು” ಎಂದರು. ಕಾದರು, ಫಲವೂ ಬಂತು. ಗಂಡಸರು ಕಳೆದರೆ ಅದು ಬಂಡವಾಳ, ಹೆಂಗಸರು ಕಳೆದರೆ ಅದು ನಷ್ಟ! ಒಂದೇ ಲೆಕ್ಕದ ಪುಸ್ತಕದಲ್ಲಿ ಎರಡು ಭಾಷೆ. ಮೂವತ್ತು ವರ್ಷ ಲೆಕ್ಕ ನೋಡಿದವರಿಗೂ ಇದು ಕಣ್ಣಿಗೆ ಬೀಳದಿದ್ದರೆ ಕನ್ನಡಕದ ದೋಷವೆಂದು ಬಿಟ್ಟುಬಿಡಬಹುದು, ದೋಷ ಅಲ್ಲಿಲ್ಲ.

ನೋಡುವವರಿಲ್ಲವೆಂಬುದು ಎರಡನೆಯ ಮಾತು. ಇದಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ‘ಡಿಕ್, ಕರ್’ ಎಂಬ ಕಾರ್ಖಾನೆಯಲ್ಲಿ ಮದ್ದುಗುಂಡು ಮಾಡುತ್ತಿದ್ದ ಹೆಂಗಸರು ಕಾಲ್ಚೆಂಡಿನ ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸೇಂಟ್ ಹೆಲೆನ್ಸ್ ಹೆಂಗಸರೊಡನೆ ಅವರು ಆಡಿದ ಪಂದ್ಯಕ್ಕೆ 53,000 ಜನ ಸೇರಿದರು. ಒಳಗೆ ಜಾಗ ಸಾಲದೆ ಸಾವಿರಾರು ಮಂದಿ ಬಾಗಿಲಿನಿಂದಲೇ ಹಿಂತಿರುಗಿದರು. ಅಂದು ಧರ್ಮಕಾರ್ಯಕ್ಕೆ ಸೇರಿದ ಹಣ ಮೂರು ಸಾವಿರ ಪೌಂಡಿಗೆ ಮಿಕ್ಕಿ. ಆಡಿದವಳಿಗೆ ಪಂದ್ಯಕ್ಕೆ ಹತ್ತು ಷಿಲಿಂಗು, ಖರ್ಚಿನ ಬಾಬ್ತು.

ಮರುವರ್ಷ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ತನ್ನ ಅಧೀನದ ಯಾವ ಕ್ಲಬ್ಬೂ ಹೆಂಗಸರ ಆಟಕ್ಕೆ ಮೈದಾನ ಕೊಡಕೂಡದೆಂದು ನಿರ್ಣಯಿಸಿತು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂಬ ಕಾರಣವನ್ನು ಎಲ್ಲರೂ ನೆನೆಯುತ್ತಾರೆ. ಇನ್ನೊಂದು ಕಾರಣವೂ ಆ ನಿರ್ಣಯದಲ್ಲಿತ್ತು: ಸಂಗ್ರಹವಾದ ಹಣದಲ್ಲಿ ಹೆಚ್ಚಿನ ಪಾಲು ಖರ್ಚಿಗೇ ಹೋಗುತ್ತಿದೆ, ಧರ್ಮಕ್ಕೆ ಸಲ್ಲುವುದು ಸಾಲದು ಎಂಬುದು. ನೋಡಿರಿ, ಆಗಲೂ ಲೆಕ್ಕದ ನೆಪವೇ! ಹೆಂಗಸು ಆಡಿ ಗಳಿಸಿದರೆ ಅದು ಧರ್ಮಕ್ಕೆ ಹೋಗಬೇಕು. ಅವಳ ರೈಲು ಛಾರ್ಜು, ಅವಳ ಕೂಲಿ ಅಪವ್ಯಯ. ಆ ನಿಷೇಧ ತೆಗೆದು ಹಾಕಲು ಸುಮಾರು ಐವತ್ತು ವರ್ಷ ಬೇಕಾಯಿತು. ಗಿರಾಕಿಗಳು ಸಾಲುಗಟ್ಟಿ ನಿಂತಿದ್ದ ಅಂಗಡಿಗೆ ಬೀಗ ಜಡಿದು, ಅರ್ಧ ಶತಮಾನದ ಮೇಲೆ ಬೀಗ ತೆಗೆದು, “ಎಲ್ಲಿ, ಯಾರೂ ಬರುವುದೇ ಇಲ್ಲವಲ್ಲ” ಎನ್ನುವುದು ಯಾವ ವ್ಯಾಪಾರಿಯ ನ್ಯಾಯ? 2024ರ ಫೆಬ್ರವರಿಯಲ್ಲಿ ಲಂಡನ್ನಿನ ಆರ್ಸೆನಲ್ ಹೆಂಗಸರ ಒಂದು ಲೀಗ್ ಪಂದ್ಯಕ್ಕೆ 60,160 ಜನ ಬಂದರು. ಗುಡಿಸನ್ ಪಾರ್ಕಿನ ಸಂಖ್ಯೆಯ ಹತ್ತಿರಕ್ಕೆ ಮರಳಿ ಬರಲು ಒಂದು ಶತಮಾನ ಹಿಡಿಯಿತು, ಅಷ್ಟೆ. (ಹೆಂಗಸರ ಪಂದ್ಯದ ಫಲಿತಾಂಶವನ್ನು ಕುದುರೆಜೂಜಿನ ಸುದ್ದಿಯ ಕೆಳಗೆ ಎರಡು ಸಾಲಿನಲ್ಲಿ ಮುಗಿಸುವ ಪತ್ರಿಕೆಗಳೂ ಆ ಬೀಗಕ್ಕೆ ಒಂದೊಂದು ಕೈ ಹಾಕಿವೆ. ನಮ್ಮವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.)

ಆದರೆ ಜನ ಬಂದ ಮಾತ್ರಕ್ಕೆ ಕಷ್ಟ ತೀರಲಿಲ್ಲ. ನನ್ನ ತಕರಾರು ಇರುವುದೂ ಇಲ್ಲಿಯೇ. ಹಣ ಎಷ್ಟಿದೆ ಎಂಬುದಕ್ಕಿಂತ ಆ ಹಣ ಯಾರ ಪುಸ್ತಕದಲ್ಲಿದೆ, ಲೀಗಿನಲ್ಲಿ ಸ್ಥಾನ ಕೊಡುವವರು ಯಾರು ಎಂಬುದೇ ಮುಖ್ಯ. ಡಾನ್‌ಕ್ಯಾಸ್ಟರ್ ಬೆಲ್ಸ್ ತಂಡದ ಕಥೆ ಕೇಳಿ. 1969ರಲ್ಲಿ, ಗಂಡಸರ ಪಂದ್ಯಗಳಲ್ಲಿ ಲಾಟರಿ ಚೀಟಿ ಮಾರುತ್ತಿದ್ದ ಹೆಂಗಸರು ಕಟ್ಟಿದ ತಂಡ ಅದು. ಇಂಗ್ಲೆಂಡಿನ ಹೆಂಗಸರ ಕಪ್ಪನ್ನು ಆರು ಸಲ ಗೆದ್ದಿತು. 2011ರಲ್ಲಿ ಹೊಸ ಸೂಪರ್ ಲೀಗು ಆರಂಭವಾದಾಗ ಎಂಟು ತಂಡಗಳಲ್ಲಿ ಅದೂ ಒಂದು. 2013ರ ಋತುವಿನಲ್ಲಿ ಬೆಲ್ಸ್ ಒಂದೇ ಒಂದು ಪಂದ್ಯ ಆಡಿದ್ದರು; ಅಷ್ಟರಲ್ಲೇ ಮುಂದಿನ ವರ್ಷ ನಿಮಗೆ ಎರಡನೆಯ ದರ್ಜೆ ಎಂಬ ತೀರ್ಪು ಬಂತು. ಅವರ ಜಾಗ ಶ್ರೀಮಂತ ಮ್ಯಾಂಚೆಸ್ಟರ್ ಸಿಟಿಗೆ. ಆ ವರ್ಷ ಬೆಲ್ಸ್ ಕೊನೆಯ ಸ್ಥಾನದಲ್ಲೇ ನಿಂತರೆಂಬುದು ನಿಜ. ಫಲಿತಾಂಶವನ್ನು ಮೊದಲು ಪ್ರಕಟಿಸಿ ಆಮೇಲೆ ಪರೀಕ್ಷೆಗೆ ಕೂಡಿಸಿದರೆ ಯಾವ ಹುಡುಗ ತಾನೆ ಚೆನ್ನಾಗಿ ಬರೆದಾನು? ಐದು ವರ್ಷದ ಮೇಲೆ, 2018ರಲ್ಲಿ, ಬೆಲ್ಸ್ ಎರಡನೆಯ ದರ್ಜೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಗೆದ್ದವರು ಮೇಲಕ್ಕೆ ಹೋಗಬೇಕಷ್ಟೆ? ಇವರು ಹಣವಿಲ್ಲದೆ ಮೂರನೆಯ ದರ್ಜೆಗೆ ಇಳಿದರು.

ದೊಡ್ಡ ಕ್ಲಬ್ಬಿನ ನೆರಳು ಹಿಡಿದವರಾದರೂ ಸುಖವಾಗಿದ್ದಾರೆಯೆ ಎಂದರೆ ಅದೂ ಇಲ್ಲ. ಲಿಂಕನ್ ಊರಿನ ತಂಡವನ್ನು 2014ರಲ್ಲಿ ನಾಟಿಂಗ್‌ಹ್ಯಾಮಿಗೆ ಒಯ್ದು ನಾಟ್ಸ್ ಕೌಂಟಿ ಎಂದು ಹೆಸರಿಟ್ಟರು. 2017ರಲ್ಲಿ ಗಂಡಸರ ಕ್ಲಬ್ಬಿಗೆ ಹೊಸ ಯಜಮಾನ ಬಂದ. ಋತು ಆರಂಭವಾಗಲು ಎರಡು ದಿನವಿದ್ದಾಗ ಹೆಂಗಸರ ತಂಡವನ್ನು ಮುಚ್ಚಿದ. ಆ ಹುಡುಗಿಯರು ಎರಡು ದಿನದಲ್ಲಿ ಬೇರೆ ಎಲ್ಲಿ ಕೆಲಸ ಹುಡುಕಬೇಕು? ರೆಡಿಂಗ್ ತಂಡ ಏಳೆಂಟು ವರ್ಷ ಮೊದಲ ದರ್ಜೆಯಲ್ಲಿ ಆಡಿತ್ತು. ಗಂಡಸರ ಕ್ಲಬ್ಬಿನ ಯಜಮಾನ ಸಾಲದಲ್ಲಿ ಮುಳುಗಿದ ಮೇಲೆ, 2024ರಲ್ಲಿ ಆ ಹೆಂಗಸರು ಒಂದೇ ಏಟಿಗೆ ಐದನೆಯ ದರ್ಜೆಗೆ ಬಿದ್ದರು. 2025ರಲ್ಲಿ ಬ್ಲ್ಯಾಕ್‌ಬರ್ನ್ ತಂಡ ಎರಡನೆಯ ದರ್ಜೆಯಿಂದ ಹೊರಬಿತ್ತು. ಲೀಗು ಕೇಳುವ ಸೌಕರ್ಯಗಳಿಗೆ ಮಾಲೀಕರು ಹಣ ಹಾಕಲೊಲ್ಲೆವೆಂದರು. ಮೂರು ಕಡೆಯೂ ತೀರ್ಮಾನವಾದದ್ದು ಗಂಡಸರ ಕ್ಲಬ್ಬಿನ ಕಚೇರಿಯಲ್ಲಿ.

ಇದಕ್ಕೆಲ್ಲ ಕಳಶವಿಟ್ಟಂತೆ ಚೆಲ್ಸಿಯ ಸಂಗತಿ. 2024ರ ಜೂನಿನಲ್ಲಿ ಆ ಕ್ಲಬ್ಬು ತನ್ನ ಹೆಂಗಸರ ತಂಡವನ್ನು 20 ಕೋಟಿ ಪೌಂಡಿಗೆ ತುಸು ಕಡಿಮೆ ಬೆಲೆಗೆ ಮಾರಿತು. ಕೊಂಡವರು ಯಾರು? ಅದೇ ಯಜಮಾನರ ಇನ್ನೊಂದು ಕಂಪೆನಿ. ಗಂಡಸರ ಆಟಗಾರರಿಗೆ ಸುರಿದ ಹಣದಿಂದ ಲೆಕ್ಕ ತಲೆಕೆಳಗಾಗಿತ್ತು. ಈ ಮಾರಾಟದಿಂದ ಆ ವರ್ಷ ಸುಮಾರು 12 ಕೋಟಿ 80 ಲಕ್ಷ ಪೌಂಡ್ ಲಾಭ ಕಾಣಿಸಿತು. ಯಜಮಾನ ಹೆಂಡತಿಯ ಒಡವೆಯನ್ನು ಬಲಗೈಯಿಂದ ಎಡಗೈಗೆ ಮಾರಿ, ಸಾಲಗಾರರ ಮುಂದೆ ಮೀಸೆ ತಿರುವಿದಂತಾಯಿತು. ಬರಿಯ ದಾನದ ಬಾಬಾಗಿದ್ದರೆ ಅದಕ್ಕೆ ಈ ಬೆಲೆ ಎಲ್ಲಿಂದ ಬಂತು ಎಂದು ನಮ್ಮ ಹಿರಿಯರನ್ನು ಕೇಳಿದೆ. “ಅದು ಕಾಗದದ ಬೆಲೆ” ಎಂದರು. ಒಪ್ಪಿಕೊಳ್ಳೋಣ. ಆದರೆ 2025ರಲ್ಲಿ ಹೊರಗಿನವನೊಬ್ಬ ಅದೇ ತಂಡದ ಒಂದು ಸಣ್ಣ ಪಾಲಿಗೆ ಸುಮಾರು 2 ಕೋಟಿ ಪೌಂಡನ್ನು ಕೊಟ್ಟನಲ್ಲ, ಅದು? ಬೇಕಾದಾಗ ಒಡವೆ, ಬೇಡವಾದಾಗ ಹೊರೆ: ಯಾವಾಗ ಯಾವುದು ಎಂದು ಹೇಳುವ ಅಧಿಕಾರ ಮಾತ್ರ ಆಡುವವರಿಗಿಲ್ಲ.

ಅಮೆರಿಕದ ಮೂರನೆಯ ಲೀಗನ್ನು ಸ್ವರ್ಗವೆಂದು ಹೊಗಳುವ ಉದ್ದೇಶ ನನಗಿಲ್ಲ. 2013ರಲ್ಲಿ ಆರಂಭವಾದಾಗ ಅದರ ಕನಿಷ್ಠ ಸಂಬಳ ಋತುವಿಗೆ 6,000 ಡಾಲರ್. ತರಬೇತುದಾರರಿಂದ ಆಟಗಾರ್ತಿಯರಿಗಾದ ಹಿಂಸೆಯನ್ನು 2022ರ ವಿಚಾರಣಾ ವರದಿ ಬಯಲಿಗೆಳೆಯಿತು. ಆದರೂ ಅಲ್ಲಿಯ ತಂಡಗಳಲ್ಲಿ ಬಹುಪಾಲು ಗಂಡಸರ ಕ್ಲಬ್ಬಿನ ಹಿತ್ತಿಲ ಕೋಣೆಗಳಲ್ಲ. ಅವಕ್ಕೆ ತಮ್ಮದೇ ಮಾಲೀಕರು, ತಮ್ಮದೇ ಖಾತೆ. 2023ರಲ್ಲಿ ನಾಲ್ಕು ವರ್ಷದ ಪ್ರಸಾರಕ್ಕೆ 24 ಕೋಟಿ ಡಾಲರಿನ ಒಪ್ಪಂದವಾಯಿತು. ಡೆನ್‌ವರ್ ಊರಿನವರು 2025ರಲ್ಲಿ ಲೀಗಿಗೆ ಸೇರಲು ಕೊಟ್ಟ ಪ್ರವೇಶಧನ 11 ಕೋಟಿ. ಎಲ್ಲಕ್ಕಿಂತ ಮಿಗಿಲಾಗಿ, ಆಟಗಾರ್ತಿಯರ ಸಂಘ ಗಟ್ಟಿಯಾಗಿತ್ತು. ಕಾಲೇಜಿನಿಂದ ಬಂದ ಹುಡುಗಿಯರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಹಳೆಯ ಪದ್ಧತಿಯನ್ನು 2024ರಲ್ಲಿ ರದ್ದುಪಡಿಸಿತು. ತನ್ನ ಖಾತೆ ತನ್ನದಾದರೆ ಜಗಳವಾಡಲಿಕ್ಕೂ ಒಂದು ನೆಲೆ ಸಿಗುತ್ತದೆ.

ನಮ್ಮ ದೇಶದ ಮಾತಿಗೆ ಬರೋಣ. ಹೆಂಗಸರ ಲೀಗು ಆರಂಭವಾದದ್ದು 2016-17ರಲ್ಲಿ. ಕೊನೆಯ ಸುತ್ತಿನಲ್ಲಿ ಆರು ತಂಡ, ಎಲ್ಲ ದಿಲ್ಲಿಯಲ್ಲೇ. ಮೂರು ವಾರದೊಳಗೆ ಮುಗಿಯಿತು. ಲೀಗೆನ್ನುವುದಕ್ಕಿಂತ ಜಾತ್ರೆ ಎನ್ನಬಹುದು. ಒಂದು ತಂಡಕ್ಕೆ ತನ್ನೂರಿನಲ್ಲಿ ಪಂದ್ಯವೇ ಇಲ್ಲದಿದ್ದರೆ ಟಿಕೆಟ್ ಕೊಳ್ಳುವವನು ಎಲ್ಲಿಂದ ಹುಟ್ಟಬೇಕು? ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಎಂಬ ಕ್ರಮ ಬಂದದ್ದು 2023-24ರಲ್ಲಿ, ಏಳು ತಂಡಗಳೊಡನೆ. ಅದಕ್ಕೂ ಮುನ್ನ ಒಕ್ಕೂಟವು ಪ್ರತಿ ಕ್ಲಬ್ಬೂ ಹತ್ತು ಮಂದಿ ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3 ಲಕ್ಷ 20 ಸಾವಿರ ರೂಪಾಯಿ ಕೊಡಬೇಕೆಂದು ನಿರ್ಣಯಿಸಿತ್ತು. ತಿಂಗಳಿಗೆ 27 ಸಾವಿರಕ್ಕೆ ತುಸು ಕಡಿಮೆಯಾಯಿತು. ಇದನ್ನು ನಾನು ಹಳಿಯುವುದಿಲ್ಲ, ಶೂನ್ಯಕ್ಕಿಂತ ಮೇಲು. ಆದರೆ ಕ್ಲಬ್ಬೇ ಇಲ್ಲವಾದರೆ ಕನಿಷ್ಠ ಸಂಬಳವನ್ನು ಯಾರ ಹತ್ತಿರ ಕೇಳುವುದು? ಗೋಕುಲಂ ಹೆಂಗಸರು ದೇಶದ ಚಾಂಪಿಯನ್ನರಾಗಿ 2022ರ ಆಗಸ್ಟಿನಲ್ಲಿ ಏಷ್ಯಾದ ಪಂದ್ಯಾವಳಿಗೆಂದು ತಾಷ್ಕೆಂಟಿಗೆ ಹೋಗಿ ಇಳಿದಿದ್ದರು. ಒಕ್ಕೂಟದ ಆಡಳಿತದ ಗೊಂದಲಕ್ಕಾಗಿ ಫೀಫಾ ಭಾರತವನ್ನು ಅಮಾನತು ಮಾಡಿತು. ಚೆಂಡನ್ನು ಮುಟ್ಟದೆ ಅವರು ಹಿಂತಿರುಗಬೇಕಾಯಿತು. ಅಲ್ಲಿಯೂ ಎತ್ತಿನ ಜ್ವರವೇ.

ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರ ಮೇ 21ರಂದು ಅಹಮದಾಬಾದಿನಲ್ಲಿ ಈ ಲೀಗಿನ ಅಂತಿಮ ಪಂದ್ಯ ಆಡಿತು. ಗೋಕುಲಂ ಎದುರು ಐದು ಗೋಲುಗಳಿಂದ ಸೋತಿತು. ಸೋಲು ಸೋಲೇ. ಆದರೆ ಸೂಪರ್ ಲೀಗಿನ ಯಾವ ಸಿರಿವಂತ ತಂಡದ ಬಾಲವೂ ಅಲ್ಲದ ನಮ್ಮೂರಿನ ಕ್ಲಬ್ಬೊಂದು ಅಲ್ಲಿಯ ತನಕ ಹೋಯಿತಲ್ಲ, ಆ ಸುದ್ದಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕಾಫಿಯ ಜೊತೆಗಿನ ಮಾತಾಯಿತು? ಸುಮಾರು ಎರಡು ವಾರದ ಮೇಲೆ ಕೇರಳದ ಆ ಪ್ರಕಟಣೆ ಬಂತು.

ಒಕ್ಕೂಟದ ಮಹನೀಯರಲ್ಲಿ ನಾನು ದೊಡ್ಡದನ್ನೇನೂ ಕೇಳುತ್ತಿಲ್ಲ. ಹೆಂಗಸರ ಲೀಗಿಗೆ ಬರುವ ಕ್ಲಬ್ಬು ಎರಡು ಋತುಗಳ ಸಂಬಳವನ್ನು ಮುಂಗಡವಾಗಿ ಠೇವಣಿ ಇಡಲಿ. ಹೆಂಗಸರ ತಂಡದ ಖಾತೆ ಬೇರೆ ಇರಲಿ. ಗಂಡಸರ ತಪ್ಪಿನ ದಂಡ ಆ ಖಾತೆಯನ್ನು ಮುಟ್ಟಬಾರದು. ಯಜಮಾನ ಕೈ ಬಿಟ್ಟರೆ ತಂಡವೂ ಲೀಗಿನ ಸ್ಥಾನವೂ ಒಟ್ಟಿಗೆ ಉಳಿದು, ಕೊಳ್ಳುವವರಿಗೋ ಆಟಗಾರ್ತಿಯರ ಸಂಘಕ್ಕೋ ಸೇರಲಿ. ಮನೆ ಬಾಡಿಗೆಗೆ ಹಿಡಿಯುವಾಗ ಹತ್ತು ತಿಂಗಳ ಮುಂಗಡ ಕೇಳುವ ಊರು ನಮ್ಮದು. ಹದಿನೆಂಟರ ಹುಡುಗಿಯ ಎರಡು ವರ್ಷದ ಬಾಳಿಗೆ ಮುಂಗಡ ಕೇಳಿದರೆ ಅತಿಯಾಯಿತೆ?

“ಠೇವಣಿಗೆ ಹಣ ಎಲ್ಲಿಂದ?” ಎಂದರು ನಮ್ಮ ಹಿರಿಯರು, ಬಿಡದೆ. ಒಂದು ಚೀಟಿ ತೆಗೆದು, 4 ಕೋಟಿಯನ್ನು 3 ಲಕ್ಷ 20 ಸಾವಿರದಿಂದ ಭಾಗಿಸಿ ತೋರಿಸಿದೆ. ಬಂದದ್ದು 125. ಕಂಠೀರವದ ಆ ಒಂದು ರಾತ್ರಿಯ ಸಿಟ್ಟಿಗೆ ವಿಧಿಸಿದ ದಂಡದಲ್ಲಿ 125 ಆಟಗಾರ್ತಿಯರ ಒಂದು ವರ್ಷದ ಕನಿಷ್ಠ ಸಂಬಳವಿದೆ. ಹತ್ತು ಹತ್ತು ಮಂದಿಯಂತೆ ಹನ್ನೆರಡು ತಂಡಕ್ಕೆ ಸಾಕಾಗಿ ಇನ್ನೂ ಐವರಿಗೆ ಮಿಗುತ್ತದೆ. ಅವರು ಚೀಟಿಯನ್ನು ಎರಡು ಸಲ ನೋಡಿದರು. ಹಳೆಯ ಅಭ್ಯಾಸ; ಭಾಗಾಕಾರವನ್ನು ಮನಸ್ಸಿನಲ್ಲೇ ತಾಳೆ ಹಾಕಿರಬೇಕು. ಆಮೇಲೆ ಕೇಳಿದರು: “ಹಾಗಾದರೆ ದಂಡದ ಹಣವನ್ನು ಒಕ್ಕೂಟದವರು ಯಾವ ಖಾತೆಗೆ ಜಮಾ ಮಾಡಿಕೊಳ್ಳುತ್ತಾರೆ?”